ಮಕ್ಕಳ ಅರೆತಲೆನೋವು: ನೂತನ ಚಿಕಿತ್ಸೆಗಳು ಮತ್ತು ನಮ್ಮ ಹೊಣೆ

ಪಾಠ ನಡೆಯುತ್ತಿರುವಾಗ ಬಾಲಕನೊಬ್ಬನು ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿಕೊಂಡರೆ, ಅವನನ್ನು ಸೋಮಾರಿಯೆಂದು ಗದರಿಸುವುದು ವಾಡಿಕೆ. ಅವನು ಅರೆತಲೆನೋವಿನಿಂದ ಬಳಲುತ್ತಿರಬಹುದೆಂಬ ಯೋಚನೆ ನಮಗೆ ಹೊಳೆಯುವುದು ವಿರಳ.

ಆಯುರ್ವೇದವು ಅರ್ಧಾವಭೇದಕವೆಂದು ಕರೆದ ಈ ವ್ಯಾಧಿ ಪಟ್ಟಣಿಗರಿಗಷ್ಟೇ ಮೀಸಲಾದುದಲ್ಲ. ಬೆಂಗಳೂರು ಹಾಗೂ ಸುತ್ತಣ ಗ್ರಾಮಗಳ 2,329 ವಯಸ್ಕರನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಂತೆ, ವರ್ಷವೊಂದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಬಾಧೆಯಿದ್ದಿತು. ಗ್ರಾಮವಾಸಿಗಳಲ್ಲಿ ಅದು ಇನ್ನೂ ಅಧಿಕ. ವಂಶಪಾರಂಪರ್ಯವಾಗಿ ಬರಬಹುದಾದ ರೋಗವಿದಾದುದರಿಂದ, ಶ್ರೀನಿವಾಸಪುರ ತಾಲ್ಲೂಕಿನ ಗಡಿಭಾಗದ ರಾಯಲ್ಪಾಡಿನಂಥ ಊರಿನ ಶಾಲೆಗಳೂ ಇದನ್ನರಿತಿರಬೇಕು.

ಮಕ್ಕಳಲ್ಲಿ ನೋವು ಅನೇಕ ವೇಳೆ ಹಣೆಯ ಎರಡೂ ಬದಿಗೆ ಕಾಣಿಸಿಕೊಳ್ಳುತ್ತದೆ. ವಾಂತಿ, ಬೆಳಕು ಮತ್ತು ಸದ್ದಿನ ಅಸಹನೆ ಜೊತೆಗೂಡುತ್ತವೆ. ನಿದ್ರೆ ಬಂದರೆ ಶಮನವಾಗುತ್ತದೆ.

ಚಿಕಿತ್ಸೆಯಲ್ಲಿ ಈಚೆಗೆ ಗಣನೀಯ ಪ್ರಗತಿಯಾಗಿದೆ. ನೋವು ಬಂದಾಗ ಕೊಡುವ ರಿಜಾಟ್ರಿಪ್ಟಾನ್ ಗುಳಿಗೆಗೆ ಅಮೆರಿಕದಲ್ಲಿ 2011ರಲ್ಲಿ ಆರು ವರ್ಷ ಮೇಲ್ಪಟ್ಟ ಮಕ್ಕಳಿಗೂ ಮಾನ್ಯತೆ ದೊರೆಯಿತು. ನೋವಿನ ಸಂದೇಶವಾಹಕವಾದ ಸಿಜಿಆರ್‌ಪಿ ಎಂಬ ಪ್ರೋಟೀನನ್ನು ತಡೆಯುವ ಫ್ರೆಮನೆಜುಮಾಬ್ ಚುಚ್ಚುಮದ್ದಿಗೆ 2025ರಲ್ಲಿ, ಕನಿಷ್ಠ 45 ಕಿಲೋ ತೂಕವುಳ್ಳ 6ರಿಂದ 17 ವರ್ಷದವರಿಗಾಗಿ, ಅಲ್ಲಿಯೇ ಒಪ್ಪಿಗೆ ಸಿಕ್ಕಿತು. ಇವೆಲ್ಲ ತಜ್ಞವೈದ್ಯರ ಸಲಹೆಯಿಂದಲೇ ಬಳಸತಕ್ಕವು.

ಆದರೆ ವಿಚಾರಾರ್ಹವಾದ ಸಂಗತಿಯೊಂದುಂಟು. 2017ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ನೋವು ಮರುಕಳಿಸದಂತೆ ನಿತ್ಯ ಸೇವಿಸುವ ಅಮಿಟ್ರಿಪ್ಟಿಲಿನ್‌ನಿಂದ ಶೇಕಡ 52, ಟೋಪಿರಮೇಟ್‌ನಿಂದ ಶೇಕಡ 55 ಮಕ್ಕಳಿಗೆ ನೋವಿನ ದಿನಗಳು ಅರ್ಧಕ್ಕಿಳಿದವು. ಔಷಧಾಂಶವಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ಆ ಪ್ರಮಾಣ ಶೇಕಡ 61! ನೋವೇ ಸುಳ್ಳೆಂದು ಇದರಿಂದ ಭಾವಿಸಲಾಗದು. ಭರವಸೆಗೂ ಆರೈಕೆಗೂ ಮಗುವಿನ ದೇಹ ಸ್ಪಂದಿಸುತ್ತದೆಂದು ತಿಳಿಯಬಹುದು. ಅಮಿಟ್ರಿಪ್ಟಿಲಿನ್ ಜೊತೆಗೆ ಮನೋಚಿಕಿತ್ಸೆಯನ್ನೂ ನೀಡಿದರೆ ಹೆಚ್ಚು ಗುಣ ಕಂಡುಬರುವುದೆಂದು 2013ರ ಮತ್ತೊಂದು ಪ್ರಯೋಗವು ತೋರಿಸಿತ್ತು.

ಆದುದರಿಂದ ಶಾಲೆಯ ಪಾತ್ರ ಹಿರಿದು. ಬೆಳಗಿನ ಉಪಾಹಾರ ಬಿಟ್ಟು ಬರುವುದು, ನೀರು ಕುಡಿಯದಿರುವುದು, ನಿದ್ರೆಗೆಡುವುದು, ಬಿಸಿಲಿನಲ್ಲಿ ನಿಲ್ಲುವುದು ಇವು ನೋವನ್ನು ಕೆರಳಿಸಬಲ್ಲವು. ನೋವಿನ ಆರಂಭದಲ್ಲಿಯೇ ವೈದ್ಯರು ಸೂಚಿಸಿದ ಮಾತ್ರೆ ಸಿಗಬೇಕು. ಮಕ್ಕಳಿಗೆ ಆಸ್ಪಿರಿನ್ ಸಲ್ಲದು. ಜ್ವರದೊಡನೆ ಕತ್ತು ಬಿಗಿಯುವಿಕೆ, ಮುಂಜಾವದ ವಾಂತಿ, ಮೂರ್ಛೆ, ದೃಷ್ಟಿನಾಶ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದಾಸೋಹವೆಂದರೆ ಅನ್ನವನ್ನಿಕ್ಕುವುದಷ್ಟೇ ಅಲ್ಲ. ಗದ್ದಲವಿಲ್ಲದ ನೆರಳಿನ ಕೊಠಡಿ, ಒಂದು ಚಾಪೆ, ಕುಡಿಯುವ ನೀರು ಇವನ್ನೊದಗಿಸುವುದೂ ದಾಸೋಹವೇ. ದಾನಿಗಳು ಇತ್ತ ಗಮನಹರಿಸಲಿ. ಗುರುಗಳು ಮೊದಲು ಮಗುವಿನ ಮಾತನ್ನು ನಂಬಲಿ. ಉಳಿದ ಚಿಕಿತ್ಸೆಯೆಲ್ಲ ಅಲ್ಲಿಂದಲೇ ಮೊದಲಾಗುತ್ತದೆ.