ಬ್ರಿಟನ್ ವೀಸಾ: ಅರ್ಜಿಯ ಸಾಲಿಗೊಂದು ಕಾಗದ

ಮಗನೋ ಮಗಳೋ ಲಂಡನ್, ಲೆಸ್ಟರ್, ಮ್ಯಾಂಚೆಸ್ಟರ್ ಕಡೆ ಕೆಲಸದಲ್ಲಿದ್ದು, ಊರಿನಲ್ಲಿರುವ ಅಪ್ಪ ಅಮ್ಮ ಒಮ್ಮೆ ಹೋಗಿಬರಬೇಕೆಂದರೆ ಬೇಕಾಗುವುದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಇದರ ಮೇಲೆ ಒಂದು ಸಲಕ್ಕೆ ಆರು ತಿಂಗಳವರೆಗೆ ಇದ್ದು ಬರಬಹುದು. ಹೊರಡುವ ದಿನಕ್ಕಿಂತ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಲು ಅವಕಾಶವಿದೆ. ಆರು ತಿಂಗಳ ವೀಸಾದ ಶುಲ್ಕ 2025ರ ಏಪ್ರಿಲ್‌ನಲ್ಲಿ 115ರಿಂದ 127 ಪೌಂಡ್‌ಗೆ ಏರಿತು. ಶುಲ್ಕ ಆಗಾಗ ಬದಲಾಗುವುದರಿಂದ ಕಟ್ಟುವ ದಿನ ಬ್ರಿಟನ್ ಸರ್ಕಾರದ ಜಾಲತಾಣದಲ್ಲೇ ನೋಡಿಕೊಳ್ಳಬೇಕು.

ಅಮೆರಿಕದ ಭೇಟಿ ವೀಸಾಕ್ಕೆ ಮೊದಲ ಸಲ ಅರ್ಜಿ ಹಾಕುವವರು ಚೆನ್ನೈಗೋ ಹೈದರಾಬಾದಿಗೋ ಹೋಗಿ ಅಧಿಕಾರಿಯ ಮುಂದೆ ನಿಂತು ಉತ್ತರ ಕೊಡಬೇಕು. ಬ್ರಿಟನ್ನಿನ ಭೇಟಿ ವೀಸಾದಲ್ಲಿ ಸಾಮಾನ್ಯವಾಗಿ ಆ ಮುಖಾಮುಖಿ ಇರುವುದಿಲ್ಲ. ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಬೆರಳಚ್ಚು ಮತ್ತು ಫೋಟೊ ತೆಗೆದು ಪಾಸ್‌ಪೋರ್ಟ್ ಪಡೆಯುವವರಿಗೆ ವೀಸಾ ಕೊಡುವ ಅಧಿಕಾರವೂ ಇಲ್ಲ, ತಿರಸ್ಕರಿಸುವ ಅಧಿಕಾರವೂ ಇಲ್ಲ. ತೀರ್ಮಾನ ಮಾಡುವ ಅಧಿಕಾರಿ ನಮ್ಮನ್ನು ನೋಡುವುದೇ ಇಲ್ಲ, ನಮ್ಮ ಮಾತು ಕೇಳುವುದೂ ಇಲ್ಲ. ಅವರ ಮುಂದಿರುವುದು ನಾವು ತುಂಬಿದ ಫಾರಂ ಮತ್ತು ಅದರ ಜೊತೆ ಏರಿಸಿದ ದಾಖಲೆಗಳು ಮಾತ್ರ. ಆದ್ದರಿಂದ ಫಾರಂನಲ್ಲಿ ಬರೆದ ಪ್ರತಿ ಮಾತಿಗೂ ಒಂದು ಕಾಗದ ಇರಬೇಕು, ಆ ಕಾಗದಗಳೆಲ್ಲ ಒಂದೇ ಕಥೆ ಹೇಳಬೇಕು. ಈ ಅಧ್ಯಾಯದಲ್ಲಿ ಹೇಳುವುದೆಲ್ಲ ಇದರ ವಿವರವೇ.

ಅಧಿಕಾರಿ ಆ ಕಾಗದಗಳಲ್ಲಿ ಏನು ಹುಡುಕುತ್ತಾರೆ ಎಂಬುದು ಗುಟ್ಟಲ್ಲ. ಬ್ರಿಟನ್ನಿನ ವಲಸೆ ನಿಯಮಗಳಲ್ಲಿ ‘ಅಪೆಂಡಿಕ್ಸ್ ವಿ’ ಎಂಬ ಭಾಗವಿದೆ. ಯಾರು ಬೇಕಾದರೂ ಓದಬಹುದು. ಬಂದವರು ಭೇಟಿ ಮುಗಿಸಿ ವಾಪಸ್ ಹೋಗುತ್ತಾರೆಯೇ, ಮೇಲಿಂದ ಮೇಲೆ ಬಂದು ಅಲ್ಲೇ ನೆಲೆಸಿದಂತೆ ಆಗುತ್ತದೆಯೇ, ಹೇಳಿದ ಕಾರಣಕ್ಕೇ ಬರುತ್ತಿದ್ದಾರೆಯೇ, ಭೇಟಿಯಲ್ಲಿ ಮಾಡಬಾರದ ಕೆಲಸ ಮಾಡುತ್ತಾರೆಯೇ, ಖರ್ಚಿಗೆ ಹಣವಿದೆಯೇ ಎಂಬುದನ್ನು ಅದು ಕೇಳುತ್ತದೆ. ಕಾಗದ ಜೋಡಿಸುವ ಮೊದಲು ಈ ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಬರೆದು ಎದುರಿಗಿಟ್ಟುಕೊಳ್ಳಿ. ಇವುಗಳಲ್ಲಿ ಯಾವುದಕ್ಕೂ ಉತ್ತರವಾಗದ ಕಾಗದ ಎಷ್ಟೇ ಚಂದದ ಮೊಹರು ಹೊತ್ತಿದ್ದರೂ ಕಡತ ದಪ್ಪವಾಗುತ್ತದೆ ಅಷ್ಟೆ.

ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರ ದಂಪತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಎರಡೂವರೆ ಎಕರೆ ತೋಟ, ಮನೆಯಲ್ಲಿ ಹಿರಿಯ ಮಗ, ಕಿರಿಯ ಮಗಳು ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಸಂಬಳದವರ ಅರ್ಜಿ ಇದಕ್ಕಿಂತ ಸಲೀಸು: ಪ್ರತಿ ತಿಂಗಳೂ ಒಂದೇ ಮೊತ್ತ ಖಾತೆಗೆ ಬೀಳುತ್ತದೆ, ಸಂಬಳದ ಚೀಟಿ ಅದನ್ನೇ ಹೇಳುತ್ತದೆ, ಕಂಪನಿಯ ರಜೆ ಪತ್ರ ವಾಪಸ್ ಬರುವ ದಿನ ತಿಳಿಸುತ್ತದೆ. ರೈತರ ಹಣ ಹಾಗೆ ಬರುವುದಿಲ್ಲ. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ, ದರ ಏರಲಿ ಎಂದು ಕಾದು, ರಾಶಿಯೋ ಬೆಟ್ಟೆಯೋ ಮಂಡಿಗೆ ಹಾಕಿದಾಗ ವರ್ಷಕ್ಕೆ ಒಂದೆರಡು ಸಲ ದೊಡ್ಡ ಮೊತ್ತ ಒಟ್ಟಿಗೆ ಬರುತ್ತದೆ. ಉಳಿದ ತಿಂಗಳುಗಳಲ್ಲಿ ಖಾತೆ ಹೆಚ್ಚುಕಡಿಮೆ ತಣ್ಣಗಿರುತ್ತದೆ.

ಇದೇ ಬ್ಯಾಂಕ್ ಸ್ಟೇಟ್‌ಮೆಂಟನ್ನು ತೋಟ ಕಂಡಿರದ ಅಧಿಕಾರಿಯ ಕಣ್ಣಿನಿಂದ ನೋಡಿ. ಐದು ತಿಂಗಳು ಹತ್ತಿಪ್ಪತ್ತು ಸಾವಿರದ ವಹಿವಾಟು. ಅರ್ಜಿ ಹಾಕುವ ಹದಿನೈದು ದಿನ ಮುಂಚೆ ಒಮ್ಮೆಗೇ 4,80,000 ರೂಪಾಯಿ ಜಮೆ. ವೀಸಾಕ್ಕೆಂದೇ ಯಾರಿಂದಲೋ ಸಾಲ ತಂದು ಖಾತೆಯಲ್ಲಿ ಇಟ್ಟ ಹಣ ಕೂಡ ಹೀಗೇ ಕಾಣುತ್ತದೆ. ಹಣದ ಮೂಲ ತಿಳಿಯದ್ದಕ್ಕೆ ತಿರಸ್ಕಾರವಾಗುವುದು ಸಾಮಾನ್ಯ ಸಂಗತಿ, ಪ್ರಾಮಾಣಿಕರ ಅರ್ಜಿಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ ಎಂಬುದು ನೋವಿನ ವಿಷಯ. ಇದಕ್ಕೆ ಪರಿಹಾರ ಊರಿನಲ್ಲೇ ಇದೆ. ಮ್ಯಾಮ್ಕೋಸ್, ಕ್ಯಾಂಪ್ಕೋದಂಥ ಸಹಕಾರ ಸಂಸ್ಥೆಗೆ ಅಡಿಕೆ ಹಾಕಿದ್ದರೆ ತೂಕ, ದರ, ಕಡಿತ, ನಿವ್ವಳ ಮೊತ್ತ ಎಲ್ಲ ಇರುವ ಮಾರಾಟದ ಬಿಲ್ಲು ಕೊಟ್ಟಿರುತ್ತಾರೆ. ಬಿಲ್ಲಿನ ನಿವ್ವಳ ಮೊತ್ತವೂ ಸ್ಟೇಟ್‌ಮೆಂಟಿನ ಜಮೆಯೂ ರೂಪಾಯಿಗೆ ರೂಪಾಯಿ ಹೊಂದಿದರೆ ಮತ್ತೆ ವಾದ ಬೇಡ. ಡೈರಿಗೆ ಹಾಲು ಹಾಕುವವರಾದರೆ ಸಂಘದ ಪಾವತಿ ವಿವರವೂ ಇಷ್ಟೇ ಒಳ್ಳೆಯ ಸಾಕ್ಷಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ಬಹಳ ರೈತರ ಬಳಿ ರಿಟರ್ನ್ಸ್ ಇರುವುದಿಲ್ಲ. ರಿಟರ್ನ್ಸ್ ಯಾಕಿಲ್ಲ ಎಂಬುದನ್ನು ಅರ್ಜಿಯ ಜೊತೆ ಇಡುವ ಪತ್ರದಲ್ಲಿ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ಸ್ಟೇಟ್‌ಮೆಂಟ್ ಆರು ತಿಂಗಳದ್ದೇ ಸಾಕೆಂದು ಏಜೆಂಟರು ಹೇಳುವುದುಂಟು. ಬೆಳೆಗಾರರು ಎರಡೂ ಮಾರಾಟ ಕಾಣುವಂತೆ ಇಡೀ ವರ್ಷದ್ದು ಕೊಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅಂಗೈ ಅಗಲದ ಖರ್ಚಿನ ಲೆಕ್ಕವೂ ಬೇಕು. ತಿಂಗಳಿಗೆ ಎಷ್ಟು ಖರ್ಚು, ಈ ಪ್ರಯಾಣಕ್ಕೆ ಎಷ್ಟು ಖರ್ಚು ಮಾಡುತ್ತೀರಿ ಎಂದು ಫಾರಂ ಕೇಳುತ್ತದೆ. ವರ್ಷದ ಆದಾಯ ಆರು ಲಕ್ಷ ಎಂದು ಬರೆದು ಪ್ರಯಾಣದ ಖರ್ಚು ಐದು ಲಕ್ಷ ಎಂದು ಬರೆದರೆ ಓದಿದವರಿಗೆ ಸಂದೇಹ ಬರುತ್ತದೆ. ಉಳಿಯುವುದು ಮಗಳ ಮನೆಯಲ್ಲಿ, ಟಿಕೆಟ್ ಕೊಳ್ಳುವುದು ಮಗಳು ಎಂದಿದ್ದರೆ ಹಾಗೆಯೇ ಬರೆಯಬೇಕು. ಬೇರೆಯವರು ಖರ್ಚು ಕೊಡುವುದಕ್ಕೆ ನಿಯಮದಲ್ಲೇ ಅವಕಾಶವಿದೆ. ಆಗ ಮಗಳ ಆಹ್ವಾನ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಅಲ್ಲಿರಲು ಅವಳಿಗಿರುವ ಪರವಾನಗಿಯ ಪುರಾವೆ ಮತ್ತು ಅವಳು ಇವರ ಮಗಳೆಂದು ತೋರಿಸುವ ಜನನ ಪ್ರಮಾಣಪತ್ರ ಸೇರಿಸಬೇಕು. ಆ ಪರವಾನಗಿಗೆ ಹಿಂದೆ ಬಿಆರ್‌ಪಿ ಕಾರ್ಡ್ ಇರುತ್ತಿತ್ತು. ಬಹುಪಾಲು ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿದು ಈಗ ಇ-ವೀಸಾ ಬಂದಿದೆ.

ವಾಪಸ್ ಬರುತ್ತೇವೆ ಎಂಬುದನ್ನು ತೋರಿಸುವುದು ಹೇಗೆ? ಇಲ್ಲಿ ತೋಟವೇ ಸಾಕ್ಷಿ. ಆದರೆ ಅಡಿಕೆ ಕೊಯ್ಲು ಯಾವಾಗ ಎಂದು ಆ ಅಧಿಕಾರಿಗೆ ಗೊತ್ತಿರಬೇಕಾಗಿಲ್ಲ. ‘ನಮ್ಮ ಕೊಯ್ಲು ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ, ಸೆಪ್ಟೆಂಬರಿನಲ್ಲಿ ಮರಳುತ್ತೇವೆ, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಸುವುದನ್ನು ಹಿರಿಯ ಮಗ ನೋಡಿಕೊಳ್ಳುತ್ತಾನೆ’ ಎಂದು ಬರೆದರೆ ಪ್ರಯಾಣದ ದಿನಾಂಕಕ್ಕೆ ಒಂದು ಅರ್ಥ ಬರುತ್ತದೆ. ‘ನಾನು ಖಂಡಿತ ವಾಪಸ್ ಬರುತ್ತೇನೆಂದು ಭರವಸೆ ಕೊಡುತ್ತೇನೆ’ ಎಂಬ ಸಾಲನ್ನು ಎಲ್ಲರೂ ಬರೆಯುತ್ತಾರೆ, ಅದು ಏನನ್ನೂ ತೋರಿಸುವುದಿಲ್ಲ.

ಬಾಣಂತನಕ್ಕೆ ಹೋಗುವ ತಾಯಂದಿರ ವಿಷಯವನ್ನೂ ಇಲ್ಲೇ ಹೇಳಬೇಕು. ಮಗಳ ಹೆರಿಗೆಯ ಹೊತ್ತಿಗೆ ಜೊತೆಗಿರಲು, ಮೊಮ್ಮಗುವನ್ನು ನೋಡಲು ಹೋಗುವುದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಹಾಗೆಂದೇ ಬರೆಯಿರಿ. ಆದರೆ ಮಗಳು ಕೆಲಸಕ್ಕೆ ಮರಳಿದ ಮೇಲೆ ಮಗು ನೋಡಿಕೊಳ್ಳುವವರಿಗೆ ಸಂಬಳ ಕೊಡುವ ಬದಲು ಅಮ್ಮನನ್ನೇ ಕರೆಸಿ ಇಟ್ಟುಕೊಳ್ಳುವ ಏರ್ಪಾಡು ಭೇಟಿ ವೀಸಾದ ಒಳಗೆ ಬರುವುದಿಲ್ಲ. ಕುಟುಂಬದವರು ಇದನ್ನು ಅರ್ಜಿಗೆ ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಇನ್ನು ತೋಟ ನಮ್ಮದೆಂದು ತೋರಿಸುವ ಪಹಣಿ. ಭೂಮಿ ತಂತ್ರಾಂಶದಿಂದ ತೆಗೆದ ಪಹಣಿ ಕನ್ನಡದಲ್ಲಿರುತ್ತದೆ, ಬ್ರಿಟನ್ನಿಗೆ ಇಂಗ್ಲಿಷ್ ಅಥವಾ ವೆಲ್ಷ್ ಭಾಷೆಯಲ್ಲಿ ಇಲ್ಲದ ಪ್ರತಿ ದಾಖಲೆಗೂ ದೃಢೀಕರಿಸಿದ ಅನುವಾದ ಬೇಕು. ಅನುವಾದ ಮೂಲಕ್ಕೆ ನಿಷ್ಠವಾಗಿದೆ ಎಂಬ ಹೇಳಿಕೆ, ಅನುವಾದಿಸಿದ ದಿನಾಂಕ, ಅನುವಾದಕರ ಪೂರ್ಣ ಹೆಸರು, ಸಹಿ, ಸಂಪರ್ಕ ವಿವರ ಇಷ್ಟೂ ಅದರಲ್ಲಿರಬೇಕು. ಮೂಲ ಮತ್ತು ಅನುವಾದ ಒಂದೇ ಫೈಲಿನಲ್ಲಿ ಒಂದರ ಹಿಂದೊಂದು ಇದ್ದರೆ ಓದುವವರಿಗೆ ಅನುಕೂಲ. ಅನುವಾದಕರು ಕಂದಾಯದ ಭಾಷೆ ಬಲ್ಲವರಾಗಿರಬೇಕು. ಪಹಣಿಯಲ್ಲಿ ವಿಸ್ತೀರ್ಣ 2-20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆಯಾದ್ದರಿಂದ ಎರಡೂವರೆ ಎಕರೆ. ಇದನ್ನು 2.20 ಎಂದು ಹೊಡೆದುಕೊಟ್ಟರೆ ಹನ್ನೆರಡು ಗುಂಟೆ ಜಮೀನೇ ಕಾಣೆಯಾಗುತ್ತದೆ. ‘ರಾಮಪ್ಪ ಬಿನ್ ತಿಮ್ಮಪ್ಪ’ ಎಂಬಲ್ಲಿ ‘ಬಿನ್’ ಎನ್ನುವುದನ್ನು ಹೆಸರಿನ ಭಾಗವಾಗಿ ಉಳಿಸದೆ ತಿಮ್ಮಪ್ಪನ ಮಗ ಎಂದೇ ಅನುವಾದಿಸಬೇಕು. ‘ಕೋಂ’ ಇದ್ದರೆ ಹೆಂಡತಿ ಎಂದು.

ಹೆಸರಿನ ತೊಡಕು ಪಹಣಿಯಲ್ಲಿ ಮುಗಿಯುವುದಿಲ್ಲ. ಪಹಣಿಯಲ್ಲಿ ಬರೀ ಹೆಸರು, ಬ್ಯಾಂಕಿನಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಸೇರಿದ ಉದ್ದನೆಯ ಹೆಸರು: ನಮ್ಮ ಹಿರಿಯರಲ್ಲಿ ಹೀಗಿಲ್ಲದವರೇ ಅಪರೂಪ. ಶಾಲೆಗೆ ಸೇರಿಸುವಾಗ ಬರೆಸಿದ ಜನ್ಮದಿನಾಂಕ ಒಂದು, ಬೇರೆ ಕಡೆ ಇರುವುದು ಇನ್ನೊಂದು ಎಂಬುದೂ ಅಷ್ಟೇ ಸಾಮಾನ್ಯ. ಫಾರಂನಲ್ಲಿ ಹೆಸರು, ಹುಟ್ಟಿದ ದಿನ ಎಲ್ಲ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಅಕ್ಷರ ಬಿಡದೆ ಬರಬೇಕು. ಬೇರೆ ದಾಖಲೆಯಲ್ಲಿ ಬೇರೆ ರೂಪವಿದ್ದರೆ, ಈ ಹೆಸರುಗಳೆಲ್ಲ ಒಬ್ಬರವೇ ಎಂದು ಜೊತೆಯ ಪತ್ರದಲ್ಲಿ ತಿಳಿಸಿ, ಯಾವ ದಾಖಲೆಯಲ್ಲಿ ಯಾವ ರೂಪವಿದೆ ಎಂದು ಬರೆಯಿರಿ. ಫಾರಂ ತಂದೆ ತಾಯಿಯ ಜನ್ಮದಿನಾಂಕವನ್ನೂ ಕೇಳುತ್ತದೆ. ಎಪ್ಪತ್ತು ದಾಟಿದವರಿಗೆ ತಮ್ಮ ಅಪ್ಪ ಹುಟ್ಟಿದ ದಿನ ಹೇಗೆ ಗೊತ್ತಿರಬೇಕು? ಮನಸ್ಸಿಗೆ ಬಂದ ತಾರೀಖು ಕಟ್ಟಿ ಹಾಕಬೇಡಿ. ಕೊನೆಯಲ್ಲಿ ಹೆಚ್ಚಿನ ಮಾಹಿತಿಗೆಂದು ಕೊಟ್ಟಿರುವ ಜಾಗದಲ್ಲಿ, ಅವರ ಜನನ ನೋಂದಣಿಯಾಗಿಲ್ಲದಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಬಹುದು.

ಸೇರಿಸಬೇಕಾಗಿಲ್ಲದ ದಾಖಲೆಗಳ ಪಟ್ಟಿಯನ್ನೂ ಬ್ರಿಟನ್ ಸರ್ಕಾರ ಪ್ರಕಟಿಸಿದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ಹೋಟೆಲ್ ಬುಕಿಂಗ್, ವಿಮಾನದ ಬುಕಿಂಗ್, ಪ್ರವಾಸ ವಿಮೆ, ಡ್ರೈವಿಂಗ್ ಲೈಸೆನ್ಸ್, ಓದಿನ ಸರ್ಟಿಫಿಕೇಟ್, ಕಾರಿನ ದಾಖಲೆ, ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್, ಕುಟುಂಬದ ಫೋಟೊ, ನೋಟರಿ ಪ್ರಮಾಣಪತ್ರ, ಕರೆಸುವವರ ಮನೆಯ ಕರೆಂಟ್ ಬಿಲ್ಲು ಇವೆಲ್ಲ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲವೆಂದು ಅದರಲ್ಲಿದೆ. ನಮ್ಮಲ್ಲಿ ಸಾವಿರಾರು ರೂಪಾಯಿ ಸುರಿದು ಮಾಡಿಸುವುದು ಬಹುಪಾಲು ಇವನ್ನೇ. ವೀಸಾ ಬರುವ ಮುಂಚೆ ಟಿಕೆಟ್‌ಗೆ ಹಣ ಕಟ್ಟುವ ಅಗತ್ಯ ಖಂಡಿತ ಇಲ್ಲ.

ಫಾರಂ ಇಂಗ್ಲಿಷಿನಲ್ಲಿ ಮಾತ್ರ ತುಂಬಬೇಕು. ಅರ್ಧಕ್ಕೆ ನಿಲ್ಲಿಸಿ ಇಮೇಲ್‌ಗೆ ಬರುವ ಕೊಂಡಿಯಿಂದ ಮುಂದುವರಿಸಬಹುದಾದ್ದರಿಂದ ಅವಸರ ಬೇಡ. ಬೇರೆಯವರ ಕೈಯಲ್ಲಿ ತುಂಬಿಸಿದರೂ ಸಲ್ಲಿಸುವ ಮುನ್ನ ಪ್ರತಿ ಉತ್ತರವನ್ನೂ ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ, ಹೌದೆನ್ನಿಸಿಕೊಳ್ಳಿ. ಫಾರಂನ ಕೊನೆಯಲ್ಲಿರುವ ಹೇಳಿಕೆಗೆ ಒಪ್ಪಿಗೆ ಕೊಡುವವರು ಅವರು. ಹಿಂದೆ ಯಾವುದಾದರೂ ದೇಶ ವೀಸಾ ನಿರಾಕರಿಸಿತ್ತೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಹಾಕಿದರೆ ಕೆಲಸ ಸುಲಭವೆಂದು ಹೇಳುವ ಏಜೆಂಟರಿದ್ದಾರೆ. ಅವರ ಮಾತು ಕೇಳಬೇಡಿ. ಹಳೆಯ ನಿರಾಕರಣೆ ಇದ್ದರೂ ವೀಸಾ ಸಿಗಬಹುದು. ಅದನ್ನು ಮುಚ್ಚಿಟ್ಟದ್ದು ಮೋಸವೆಂದು ತೀರ್ಮಾನವಾದರೆ ಹತ್ತು ವರ್ಷದವರೆಗೆ ಬಾಗಿಲು ಮುಚ್ಚಬಹುದು.

ಶುಲ್ಕ ಕಟ್ಟಿದ ಮೇಲೆ ವಿಎಫ್‌ಎಸ್ ತಾಣದಲ್ಲಿ ದಿನ ಗೊತ್ತುಮಾಡಿಕೊಂಡು ದಾಖಲೆ ಏರಿಸಬೇಕು. ನಾವೇ ಏರಿಸಿದರೆ ಅದಕ್ಕೆ ಬೇರೆ ಹಣವಿಲ್ಲ. ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸುವುದು, ವಿಶೇಷ ಕೊಠಡಿ ಮುಂತಾದವು ಬೇಕಿದ್ದರೆ ಮಾತ್ರ ಕೊಳ್ಳುವ ಸೇವೆಗಳು, ಅವುಗಳಿಂದ ತೀರ್ಮಾನ ಬದಲಾಗದು. ಏರಿಸುವಾಗ ಒಂದು ಎಚ್ಚರ ಮುಖ್ಯ. ನಮ್ಮ ಬ್ಯಾಂಕುಗಳು ಇಮೇಲ್‌ಗೆ ಕಳಿಸುವ ಸ್ಟೇಟ್‌ಮೆಂಟಿಗೆ ಸಾಮಾನ್ಯವಾಗಿ ಪಾಸ್‌ವರ್ಡ್ ಇರುತ್ತದೆ. ಅದನ್ನು ಹಾಗೆಯೇ ಏರಿಸಿದರೆ ನೋಡುವವರಿಗೆ ಫೈಲ್ ತೆರೆಯುವುದೇ ಇಲ್ಲ, ಇಡೀ ಅರ್ಜಿಯ ಬೆನ್ನೆಲುಬೇ ಇಲ್ಲದಂತಾಗುತ್ತದೆ. ಪಾಸ್‌ವರ್ಡ್ ಹಾಕಿ ತೆರೆದು, ಪ್ರಿಂಟ್ ಕೊಡುವ ಕಡೆ ಪಿಡಿಎಫ್ ಆಗಿ ಉಳಿಸಿಕೊಂಡರೆ ಪಾಸ್‌ವರ್ಡ್ ಇಲ್ಲದ ಪ್ರತಿ ಸಿಗುತ್ತದೆ. ಅದನ್ನು ಬೇರೊಂದು ಫೋನಿನಲ್ಲಿ ತೆರೆದು ನೋಡಿ. ಪಾಸ್‌ಬುಕ್ಕಿನ ಫೋಟೊ ತೆಗೆದಿದ್ದರೆ ನೆರಳು ಬಿದ್ದು ಅಂಕಿ ಮಸುಕಾಗಿಲ್ಲವೇ, ಬಿಲ್ಲಿನ ಹಿಂಬದಿಯಲ್ಲಿರುವ ಮೊಹರು ಬಿಟ್ಟುಹೋಗಿಲ್ಲವೇ ಎಂದು ಪರೀಕ್ಷಿಸಿ. ಫೈಲಿಗೆ ‘ಸ್ಕ್ಯಾನ್ 14’ ಎಂಬ ಹೆಸರು ಬಿಟ್ಟು, ಅಡಿಕೆ ಮಾರಾಟದ ಬಿಲ್ಲು, ತಿಂಗಳು, ಇಸವಿ ಇಂಗ್ಲಿಷಿನಲ್ಲಿ ಬರೆಯಿರಿ. ಕೇಂದ್ರಕ್ಕೆ ಹೋಗುವ ದಿನಕ್ಕೆ ಮೊದಲೇ ಇದೆಲ್ಲ ಮುಗಿದಿರಬೇಕು.

ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದಲ್ಲಿ ಉತ್ತರ ಬರುತ್ತದೆ. ನಿರಾಕರಣೆಯಾದರೆ ಕಾರಣ ಬರೆದ ಪತ್ರ ಕೊಡುತ್ತಾರೆ. ಭೇಟಿ ವೀಸಾಕ್ಕೆ ಸಾಮಾನ್ಯವಾಗಿ ಮೇಲ್ಮನವಿ ಇಲ್ಲ, ಕಟ್ಟಿದ ಶುಲ್ಕವೂ ಬರುವುದಿಲ್ಲ. ಮತ್ತೆ ಅರ್ಜಿ ಹಾಕಲು ಕಾಯಬೇಕಾದ ಅವಧಿ ಇಲ್ಲದಿದ್ದರೂ ಅದೇ ಕಾಗದಗಳನ್ನು ಮರುದಿನವೇ ಹಾಕಿದರೆ ಅದೇ ಉತ್ತರ ಬರುತ್ತದೆ. ಪತ್ರದಲ್ಲಿ 4,80,000ದ ಜಮೆಯನ್ನೇ ಹೆಸರಿಸಿದ್ದರೆ ಹೊಸ ಅರ್ಜಿಯಲ್ಲಿ ಆ ಮಾರಾಟದ ಬಿಲ್ಲು, ಸಂಸ್ಥೆಯಿಂದ ಅದರ ದೃಢೀಕರಣ, ಹಿಂದಿನ ಎರಡು ವರ್ಷದ ಅಂಥದ್ದೇ ಮಾರಾಟದ ದಾಖಲೆ ಇರಬೇಕು. ವೀಸಾ ಸಿಕ್ಕಿತೆಂದರೆ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ದಿನಾಂಕಗಳನ್ನು ಅಂದೇ ನೋಡಿಕೊಳ್ಳಿ. ಆರು ತಿಂಗಳ ಲೆಕ್ಕ ವೀಸಾದಲ್ಲಿರುವ ದಿನಾಂಕದಿಂದ ಶುರುವಾಗುತ್ತದೆ, ವಿಮಾನ ಇಳಿದ ದಿನದಿಂದಲ್ಲ. ವಾಪಸ್ ಟಿಕೆಟ್ ತೆಗೆಯುವಾಗ ಆ ಕೊನೆಯ ದಿನಾಂಕ ಎದುರಿಗಿರಲಿ, ಏರಿಸಿದ ದಾಖಲೆಗಳ ಒಂದು ಪ್ರತಿ ಕೈಚೀಲದಲ್ಲಿರಲಿ. ಅಲ್ಲಿ ಇಳಿದಾಗ ಗಡಿ ಅಧಿಕಾರಿ ಯಾರ ಮನೆಗೆ, ಎಷ್ಟು ದಿನಕ್ಕೆ ಎಂದು ಕೇಳುವ ಅಧಿಕಾರ ಉಳ್ಳವರು.