ಗೆದ್ದವರಿಗಷ್ಟೇ ದಕ್ಕುವ ಮನೆತನ

ಹತ್ತೊಂಬತ್ತು ಅಡ್ಡಗೆರೆ, ಹತ್ತೊಂಬತ್ತು ಉದ್ದಗೆರೆ. ಅವು ಕೂಡುವ 361 ಬಿಂದುಗಳು. ಒಬ್ಬರ ಬಳಿ ಕಪ್ಪು ಕಲ್ಲು, ಇನ್ನೊಬ್ಬರ ಬಳಿ ಬಿಳಿ. ಸರದಿಯಂತೆ ಒಂದೊಂದೇ ಇಡುತ್ತ ಹೆಚ್ಚು ಜಾಗ ಸುತ್ತುವರಿದವರು ಗೆದ್ದಂತೆ. ಇಟ್ಟ ಕಲ್ಲು ಜರುಗುವುದಿಲ್ಲ. ಎದುರಾಳಿಯ ಕಲ್ಲುಗಳು ಸುತ್ತುಗಟ್ಟಿ ಉಸಿರು ನಿಲ್ಲಿಸಿದರೆ ಮಾತ್ರ ಹಲಗೆಯಿಂದ ಏಳುತ್ತದೆ. ಚೀನಾದಲ್ಲಿ ಹುಟ್ಟಿದ ಈ ‘ಗೋ’ ಆಟವನ್ನು ಒಂದು ಘನ ವಿದ್ಯೆಯಾಗಿ ಸಾಕಿ ಬೆಳೆಸಿದ ಹಿರಿಮೆ ಜಪಾನಿನ ಹೊನಿನ್‌ಬೋ ಮನೆತನದ್ದು.

ಮೂಲಪುರುಷ ಸಾನ್ಸಾ (1559–1623) ಕ್ಯೋಟೋದ ಜಕ್ಕೋಜಿ ದೇಗುಲದ ಬೌದ್ಧ ಭಿಕ್ಷು. ಆಗ ಜಪಾನನ್ನು ಆಳುತ್ತಿದ್ದ ತೊಕುಗಾವಾ ಶೋಗನ್‌ರ ಆಶ್ರಯದಲ್ಲಿ ಹೊನಿನ್‌ಬೋ, ಇನೋಉಎ, ಯಾಸುಯಿ, ಹಯಾಶಿ ಎಂಬ ನಾಲ್ಕು ಮನೆಗಳು ನಿಂತವು. ಸರ್ಕಾರದ ಸಂಭಾವನೆ, ವರ್ಷಕ್ಕೊಮ್ಮೆ ಎಡೋ ಕೋಟೆಯಲ್ಲಿ ಶೋಗನ್ನನ ಎದುರು ಪಂದ್ಯ. ನಮ್ಮ ಸಂಗೀತದ ಘರಾಣೆಗಳಂತೆ ಇಲ್ಲಿಯೂ ಶಿಷ್ಯರು ಗುರುವಿನ ಮನೆಯಲ್ಲೇ ಉಂಡು ಬೆಳೆಯುತ್ತಿದ್ದರು. ಬಹುಮಟ್ಟಿಗೆ ಪೀಠ ರಕ್ತಸಂಬಂಧಕ್ಕಲ್ಲ, ಪ್ರತಿಭೆಗೆ ಸಲ್ಲುತ್ತಿತ್ತು. ಸಮರ್ಥ ಶಿಷ್ಯನನ್ನು ದತ್ತು ತೆಗೆದುಕೊಂಡು ಉತ್ತರಾಧಿಕಾರಿ ಮಾಡುತ್ತಿದ್ದರು. ಈ ಮನೆ ಇಷ್ಟು ಕಾಲ ಬಾಳಿದ್ದರ ಗುಟ್ಟು ಇದೇ ಎಂದು ನನ್ನ ನಂಬಿಕೆ.

ನಾಲ್ಕನೆಯ ಪೀಠಾಧಿಪತಿ ದೋಸಾಕು ತನ್ನ ಕಾಲದಲ್ಲಿ ಸರಿಸಾಟಿಯಿಲ್ಲದವನು. ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಪೀಠವನ್ನೇ ಏರದ ಶೂಸಾಕುವಿನಲ್ಲಿ. 1829ರಲ್ಲಿ ಇನ್ನೋಶಿಮಾ ದ್ವೀಪದಲ್ಲಿ ಹುಟ್ಟಿದ ಹುಡುಗ. 1846ರಲ್ಲಿ, ಹದಿನೇಳರ ಹರೆಯದಲ್ಲಿ, ಪ್ರತಿಸ್ಪರ್ಧಿ ಇನೋಉಎ ಮನೆಯ ಯಜಮಾನ ಗೆನ್ನಾನ್ ಇನ್ಸೆಕಿಯ ಎದುರು ಕೂತ. ಆರಂಭದಲ್ಲಿ ಎಡವಿದ, ಹಿರಿಯನದೇ ಮೇಲುಗೈ. 127ನೆಯ ನಡೆಯಲ್ಲಿ ಹಲಗೆಯ ನಡುಭಾಗದ ಹತ್ತಿರ ಒಂದು ಕಪ್ಪು ಕಲ್ಲಿಟ್ಟ. ಆ ಒಂದೇ ಕಲ್ಲು ನಾಲ್ಕೂ ದಿಕ್ಕಿನ ಲೆಕ್ಕವನ್ನು ಬದಲಿಸಿತು. ನೋಡುತ್ತಿದ್ದ ವೈದ್ಯರೊಬ್ಬರು, ಆಟ ಅರ್ಥವಾಗದಿದ್ದರೂ, ಗೆನ್ನಾನ್‌ನ ಕಿವಿ ಕೆಂಪೇರಿದ್ದನ್ನು ಕಂಡು ಹುಡುಗನೇ ಗೆಲ್ಲುತ್ತಾನೆ ಎಂದರಂತೆ. ಗೆದ್ದದ್ದೂ ಅವನೇ. ಇಂದಿಗೂ ಅದಕ್ಕೆ ‘ಕಿವಿ ಕೆಂಪಾಗಿಸಿದ ನಡೆ’ ಎಂದೇ ಹೆಸರು.

ಮುಂದೆ ಕೋಟೆಯ ಪಂದ್ಯಗಳಲ್ಲಿ 19 ಆಡಿ 19ನ್ನೂ ಗೆದ್ದ. 1862ರಲ್ಲಿ ಕಾಲರಾ ಬಂತು. ಗುರು ಶೂವಾ ಬೇಡವೆಂದರೂ ಮನೆಯ ರೋಗಿಗಳ ಆರೈಕೆಗೆ ನಿಂತ ಶೂಸಾಕು ತಾನೇ ಅದಕ್ಕೆ ಬಲಿಯಾದ. ಉತ್ತರಾಧಿಕಾರಿಯೆಂದು ಘೋಷಿತನಾಗಿದ್ದವನು ಯಜಮಾನನಾಗಲೇ ಇಲ್ಲ.

1868ರಲ್ಲಿ ಶೋಗನ್‌ರ ಆಳ್ವಿಕೆ ಮುಗಿದು ಸಂಭಾವನೆಯೂ ನಿಂತಿತು. ಇಪ್ಪತ್ತೊಂದನೆಯವರಾದ ಶೂಸಾಯ್ ವಂಶದ ಕೊನೆಯ ಹೊನಿನ್‌ಬೋ. ಆ ಹೆಸರನ್ನು ಅವರು ‘ನಿಹೊನ್ ಕಿ-ಇನ್’ ಎಂಬ ಗೋ ಸಂಸ್ಥೆಗೆ ಬಿಟ್ಟುಕೊಟ್ಟರು. ಅಂದಿನಿಂದ ಅದು ಸ್ಪರ್ಧೆಯಲ್ಲಿ ಗೆದ್ದವರ ಬಿರುದು. 1938ರಲ್ಲಿ ಅನಾರೋಗ್ಯದ ನಡುವೆ ತಿಂಗಳುಗಟ್ಟಲೆ ನಡೆದ ವಿದಾಯದ ಪಂದ್ಯದಲ್ಲಿ ತರುಣ ಕಿತಾನಿ ಮಿನೋರು ಅವರಿಗೆ ಸೋತರು. ಅದನ್ನು ಪತ್ರಿಕೆಗೆ ವರದಿ ಮಾಡಿದ ಯಸುನಾರಿ ಕವಾಬಾಟಾ ಮುಂದೆ ಅದನ್ನೇ ಕಾದಂಬರಿಯಾಗಿಸಿದರು.

ಬಿರುದಿಗಾಗಿ ನಡೆದ ಒಂದು ಪಂದ್ಯ ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. 1945ರ ಆಗಸ್ಟ್ 6, ಹಿರೋಶಿಮಾದ ಹೊರವಲಯದ ಇತ್ಸುಕಾಇಚಿ. ಹಾಶಿಮೊತೊ ಉತಾರೋ ಮತ್ತು ಇವಾಮೊತೊ ಕಾವೋರು ಮೂರನೆಯ ದಿನದ ಆಟಕ್ಕೆ ಕೂತಿದ್ದಾಗ ಬಾಂಬು ಬಿತ್ತು. ಗಾಳಿಯ ಹೊಡೆತಕ್ಕೆ ಕಲ್ಲುಗಳು ಚೆಲ್ಲಾಪಿಲ್ಲಿಯಾದವು. ಕೋಣೆ ಗುಡಿಸಿ, ಹಲಗೆಯನ್ನು ಮೊದಲಿನಂತೆ ಜೋಡಿಸಿ ಅಂದೇ ಆಟ ಮುಗಿಸಿದರು, ಹಾಶಿಮೊತೊ ಗೆದ್ದರು. ಆದರೆ 1946ರ ನಿರ್ಣಾಯಕ ಪಂದ್ಯಗಳಲ್ಲಿ ಬಿರುದು ಇವಾಮೊತೊ ಅವರಿಗೆ ದಕ್ಕಿತು. ಮುಂದೆ ಅವರು ಸ್ವಂತ ಆಸ್ತಿ ಮಾರಿ ಆಮ್‌ಸ್ಟರ್‌ಡಾಮ್, ಸಿಯಾಟಲ್‌ಗಳಲ್ಲಿ ಗೋ ಕೇಂದ್ರಗಳಿಗೆ ನೆರವಾದರು.

ಸತತ ಐದು ವರ್ಷ ಬಿರುದು ಉಳಿಸಿಕೊಂಡವರಿಗೆ ಶೂಸಾಯ್ ನಂತರದ ಕ್ರಮಾಂಕ ಸಲ್ಲುತ್ತದೆ. ತಕಾಗಾವಾ ಕಾಕು 22ನೆಯ ಹೊನಿನ್‌ಬೋ. ಕೊರಿಯಾದ ಬುಸಾನ್‌ನಲ್ಲಿ ಹುಟ್ಟಿ ಆರನೆಯ ವಯಸ್ಸಿನಲ್ಲಿ ಜಪಾನಿಗೆ ಬಂದ ಚೋ ಚಿಕುನ್ 1989ರಿಂದ 1998ರವರೆಗೆ ಸತತ ಹತ್ತು ಬಾರಿ ಗೆದ್ದು 25ನೆಯವರಾದರು. 2012ರಿಂದ 2022ರವರೆಗೆ ಹನ್ನೊಂದು ಬಾರಿ ಗೆದ್ದು ಆ ದಾಖಲೆಯನ್ನು ಮೀರಿದ ಇಯಾಮಾ ಯೂತಾ 26ನೆಯವರು.