ಹುಲಿ ಲೆಕ್ಕ ಏರಿದರೆ ಸಾಕೇ? ಸಿಮ್ಲಿಪಾಲದ ‘ಕಪ್ಪು ಹುಲಿ’ ಎತ್ತಿದ ಪ್ರಶ್ನೆ

ಮಹಾರಾಷ್ಟ್ರದ ತಾಡೋಬಾದಿಂದ 2024ರ ನವೆಂಬರ್‌ನಲ್ಲಿ ಒಡಿಶಾದ ಸಿಮ್ಲಿಪಾಲಕ್ಕೆ ತಂದು ಬಿಟ್ಟ ಜೀನತ್ ಎಂಬ ಹೆಣ್ಣು ಹುಲಿ ಅಲ್ಲಿ ನಿಲ್ಲಲಿಲ್ಲ. ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳ ಸೇರಿದ ಅದನ್ನು ಡಿಸೆಂಬರ್ 29ರಂದು ಬಾಂಕುರಾದಲ್ಲಿ ಅರಿವಳಿಕೆ ಕೊಟ್ಟು ಹಿಡಿಯಬೇಕಾಯಿತು. ಅದಕ್ಕೂ ಮೊದಲು ಜಮುನಾ ಎಂಬ ಇನ್ನೊಂದು ಹುಲಿಯನ್ನು ತಾಡೋಬಾದಿಂದಲೇ ತರಲಾಗಿತ್ತು.

ಈಗಾಗಲೇ ಹುಲಿಗಳಿರುವ ಕಾಡಿಗೆ ಹೊರಗಿನಿಂದ ಹುಲಿ ತರುವುದೇಕೆ? ಉತ್ತರ ಬೇಕಿದ್ದರೆ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವಿಜ್ಞಾನಿ ಉಮಾ ರಾಮಕೃಷ್ಣನ್ ಅವರ ಸಂಶೋಧನಾ ಪ್ರಬಂಧಗಳ ಪಟ್ಟಿ ನೋಡಬೇಕು.

2009ರಲ್ಲಿ ಸಾಮ್ರಾಟ್ ಮಂಡಲ್, ಉಲ್ಲಾಸ ಕಾರಂತ ಅವರೊಂದಿಗೆ ‘ಪಿಎಲ್‌ಒಎಸ್ ಜೆನೆಟಿಕ್ಸ್’ನಲ್ಲಿ ಅವರು ಪ್ರಕಟಿಸಿದ ಪ್ರಬಂಧಕ್ಕೆ 28 ಅರಣ್ಯಗಳ 73 ಹುಲಿಗಳ ಡಿಎನ್‌ಎ ಆಧಾರ. ಜಗತ್ತಿನ ಹುಲಿಗಳಲ್ಲಿ ಉಳಿದಿರುವ ವಂಶವಾಹಿ ವೈವಿಧ್ಯದ ಅರ್ಧಕ್ಕಿಂತ ಹೆಚ್ಚು ಭಾರತದ ಹುಲಿಗಳಲ್ಲೇ ಇದೆ ಎಂದಿತು ಆ ಅಧ್ಯಯನ. ಸುಮಾರು 200 ವರ್ಷಗಳ ಹಿಂದೆ ಇಲ್ಲಿನ ಹುಲಿಗಳ ಸಂಖ್ಯೆ ದಿಢೀರ್ ಕುಸಿದಿತ್ತು ಎಂಬುದನ್ನೂ ಅದೇ ಡಿಎನ್‌ಎ ಹೇಳಿತು. ಅಂದರೆ ಸಂಪತ್ತು ನಮ್ಮಲ್ಲಿದೆ, ಆದರೆ ಅದು ಚೂರುಚೂರಾದ ಕಾಡುಗಳಲ್ಲಿ ಹಂಚಿಹೋಗಿದೆ.

ಹಾಗೆ ಹಂಚಿಹೋದರೆ ಏನಾಗುತ್ತದೆ ಎಂಬುದಕ್ಕೆ ಸಿಮ್ಲಿಪಾಲ ಕಣ್ಣಿಗೆ ಕಾಣುವ ಸಾಕ್ಷಿ. ಅಲ್ಲಿನ ಸುಮಾರು ಶೇ 37ರಷ್ಟು ಹುಲಿಗಳ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡು, ಮೈ ಕಪ್ಪಾಗಿ ಕಾಣುತ್ತದೆ. ವಿನಯ್ ಸಾಗರ್ ಮೊದಲ ಲೇಖಕರಾಗಿ ಉಮಾ ಅವರ ತಂಡ 2021ರಲ್ಲಿ ‘ಪಿಎನ್‌ಎಎಸ್’ನಲ್ಲಿ ಪ್ರಕಟಿಸಿದ ಪ್ರಬಂಧ ಇದರ ಮೂಲವನ್ನು ‘ಟ್ಯಾಕ್‌ಪೆಪ್’ ಎಂಬ ಜೀನ್‌ನ ಒಂದೇ ಒಂದು ಬದಲಾವಣೆಯಲ್ಲಿ ಪತ್ತೆಹಚ್ಚಿತು. ಸಾಕುಬೆಕ್ಕು, ಚೀತಾಗಳ ಮೈಮೇಲಿನ ಚಿತ್ತಾರವನ್ನು ಬದಲಿಸುವುದೂ ಇದೇ ಜೀನ್. ಪರೀಕ್ಷಿಸಿದ 12 ಸಿಮ್ಲಿಪಾಲ ಹುಲಿಗಳಲ್ಲಿ ಈ ಬದಲಾದ ಪ್ರತಿಯ ಪಾಲು ಶೇ 58. ಬೇರೆಡೆಯ 395 ಹುಲಿಗಳಲ್ಲಿ ಒಂದರಲ್ಲೂ ಇಲ್ಲ!

ಕಪ್ಪು ಬಣ್ಣದಿಂದ ಹುಲಿಗೆ ಏನೋ ಲಾಭವಿದ್ದು ಅದು ಹರಡಿರಬೇಕು ಎಂದು ಅನಿಸುವುದು ಸಹಜ. ಆದರೆ ಅಂಥ ಲಾಭವಿಲ್ಲದೆಯೂ ಹೀಗಾಗಬಹುದು ಎನ್ನುತ್ತದೆ ತಂಡದ ಲೆಕ್ಕಾಚಾರ. ಕೆಲವೇ ಹುಲಿಗಳಿಂದ ಬೆಳೆದ, ಹೊರಗಿನ ಸಂಪರ್ಕವಿಲ್ಲದ ಗುಂಪಿನಲ್ಲಿ ಅಪರೂಪದ ಜೀನ್ ಕೂಡ ಬರೀ ಆಕಸ್ಮಿಕವಾಗಿ ಮೇಲುಗೈ ಪಡೆಯುತ್ತದೆ. ನಾಲ್ಕೇ ಮನೆಗಳ ಊರಿನಲ್ಲಿ ಒಂದು ಮನೆಯ ಮೂಗು ಎಲ್ಲರ ಮುಖದಲ್ಲೂ ಕಾಣಿಸಿಕೊಂಡಂತೆ.

ಬಣ್ಣ ಬದಲಾದರೆ ಕಣ್ಣಿಗೆ ಬೀಳುತ್ತದೆ, ಒಳಗಿನ ದೋಷ ಬೀಳುವುದಿಲ್ಲ. ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಅನುಭವ್ ಖಾನ್ ಮತ್ತು ಉಮಾ ಅವರ ತಂಡ 57 ಹುಲಿಗಳ ಪೂರ್ಣ ಜೀನೋಮ್ ಹೋಲಿಸಿತು. ರಾಜಸ್ಥಾನದ ರಣಥಂಬೋರ್‌ನ ಒಂಟಿ ಗುಂಪಿನಲ್ಲಿ ರಕ್ತಸಂಬಂಧಿಗಳ ಕೂಡುವಿಕೆಯ ಸೂಚ್ಯಂಕ 0.57 ಇತ್ತು. ಇತರ ಎರಡು ದೊಡ್ಡ ಗುಂಪುಗಳಲ್ಲಿ ಅದು 0.35 ಮತ್ತು 0.46. ತೀರಾ ಅಪಾಯಕಾರಿ ದೋಷಗಳು ಅಲ್ಲಿ ಒಂದಿಷ್ಟು ತಾವಾಗಿಯೇ ತೊಳೆದುಹೋಗಿವೆ ಎಂಬುದು ಸಮಾಧಾನ. ಆದರೆ ಉಳಿದವು ತಂದೆ, ತಾಯಿ ಇಬ್ಬರಿಂದಲೂ ಮರಿಗೆ ಬರುವ ಸಾಧ್ಯತೆ ಹೆಚ್ಚು. ಜೀನೋಮ್ ನೋಡಿ ಆರಿಸಿದ ಹೊರಗಿನ ಹುಲಿಗಳನ್ನು ಬಿಡುವುದು ಒಂದು ದಾರಿ ಎಂದು ಆ ಪ್ರಬಂಧ ಸೂಚಿಸಿತ್ತು.

2006ರಲ್ಲಿ 1,411 ಇದ್ದ ದೇಶದ ಹುಲಿಗಳ ಅಂದಾಜು 2022ರ ಗಣತಿಯಲ್ಲಿ 3,682ಕ್ಕೆ ಏರಿದೆ. ಹೆಮ್ಮೆಯ ವಿಷಯವೇ. ಆದರೆ ಒಂದು ಕಾಡಿನ ಹುಲಿ ಇನ್ನೊಂದು ಕಾಡಿಗೆ ನಡೆದು ಹೋಗಲು ದಾರಿ ಇದೆಯೇ ಎಂಬುದನ್ನು ಈ ಅಂಕಿ ಹೇಳುವುದಿಲ್ಲ.

ಒಡಿಶಾ ಸರ್ಕಾರ 2024ರ ಜನವರಿಯಲ್ಲಿ ಕಪ್ಪು ಹುಲಿಗಳ ಸಫಾರಿ ಘೋಷಿಸಿತ್ತು. ಅದೇ ವರ್ಷ ತಾಡೋಬಾದ ಹುಲಿಗಳೂ ಬಂದವು. ಮೈ ಕಪ್ಪಾಗಲು ಬದಲಾದ ಜೀನ್ ತಂದೆ, ತಾಯಿ ಇಬ್ಬರಿಂದಲೂ ಬರಬೇಕು. ತಾಡೋಬಾದ ತಾಯಿಯಲ್ಲಿ ಅದು ಇಲ್ಲದಿದ್ದರೆ ತಂದೆ ಎಷ್ಟೇ ಕಪ್ಪಗಿದ್ದರೂ ಮರಿಗಳು ಮಾಮೂಲಿ ಪಟ್ಟೆಯವೇ.